ಸತ್ತ ಕಡವೆಯ ರಕ್ತಪರೀಕ್ಷೆ

ಕಾಡುಪ್ರಾಣಿ ಸತ್ತು ಬಿದ್ದಿದೆ ಎಂದು ಕರೆ ಬಂದಾಗ ಪಶುವೈದ್ಯರ ಕೈ ಮೊದಲು ಹೋಗಬೇಕಾದದ್ದು ಅದರ ಕಿವಿಗೆ, ಹೊಟ್ಟೆಗಲ್ಲ. ಕಿವಿಯಂಚಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೆರಡಿ ರೋಗ (ಆಂಥ್ರಾಕ್ಸ್) ಅಲ್ಲವೆಂದು ಮನದಟ್ಟಾದ ಮೇಲೆಯೇ ಕತ್ತಿ ಹೊರಗೆ ಬರಬೇಕು. ಇದನ್ನೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿರುತ್ತೇವೆ. ಕಾಫಿ ತೋಟದ ಕೆರೆಯ ಏರಿಯ ಮೇಲೆ, ಆರಿದ್ರಾ ಮಳೆ ಜಡಿಯುತ್ತಿರುವಾಗ, ಸುತ್ತ ನಿಂತ ಜನ ‘ಬೇಗ ಕೊಯ್ದು ನೋಡಿ ಮೇಡಂ, ಏನಾಗಿದೆ ಹೇಳಿ’ ಎಂದು ಅವಸರಿಸುತ್ತಿರುವಾಗ ಆ ಪಾಠವನ್ನು ಹಿಡಿದು ನಿಲ್ಲುವುದಕ್ಕೆ ಸ್ವಲ್ಪ ಮೊಂಡುತನ ಬೇಕು. ಅದು ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಮ್ಮ ಮನೆಯವರ ದೂರು.

ನಾನು ಕೆಲಸ ಮಾಡುವುದು ಚಿಕ್ಕಮಗಳೂರು ತಾಲ್ಲೂಕಿನ ಕಾಡಂಚಿನ ಒಂದು ಪಶು ಚಿಕಿತ್ಸಾಲಯದಲ್ಲಿ. ಮಲ್ಲಂದೂರು ದಾಟಿ ಮುತ್ತೋಡಿಯ ಕಡೆಗೆ ಹೋಗುವ ದಾರಿಯ ತೋಟಗಳೆಲ್ಲ ನಮ್ಮ ವ್ಯಾಪ್ತಿಗೇ ಬರುತ್ತವೆ. ತೋಟ ಮುಗಿದಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಶುರು. ಮುಗಿಯುವುದು, ಶುರುವಾಗುವುದು ಎಲ್ಲ ನಕ್ಷೆಯಲ್ಲಿ ಮಾತ್ರ. ಕಡವೆ, ಕಾಡುಕುರಿ, ಕಾಟಿ, ಹಂದಿ ಯಾವುದೂ ನಕ್ಷೆ ನೋಡುವುದಿಲ್ಲ. ಇತ್ತ ಕಡೆಯ ಮಲೆನಾಡು ಗಿಡ್ಡ ದನಗಳೂ ನೋಡುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಮೇಯುತ್ತ ಮೇಯುತ್ತ ಎಲ್ಲೆಲ್ಲೋ ಹೋಗಿ ಸಂಜೆ ತಾವೇ ಕೊಟ್ಟಿಗೆಗೆ ಬರುತ್ತವೆ.

ಸತ್ತದ್ದು ಒಂದು ಹೆಣ್ಣು ಕಡವೆ, ತುಂಬು ಪ್ರಾಯದ್ದು. ನಾನು ಹೋಗುವ ಹೊತ್ತಿಗೆ ತೋಟದ ಆಳುಗಳೂ ಅರಣ್ಯ ಇಲಾಖೆಯ ವಾಚರ್ ಒಬ್ಬರೂ ಸೇರಿ ಅದನ್ನು ನೀರಿನಿಂದ ಏರಿಗೆ ಎಳೆದು ಹಾಕಿದ್ದರು, ಬರಿಗೈಯಲ್ಲಿ. ವಾಚರನ ಕಾಲಲ್ಲಿ ಇಂಬಳ ಕಚ್ಚಿ ಇನ್ನೂ ರಕ್ತ ಒಸರುತ್ತಿತ್ತು. ಕಡವೆಯ ಮೂಗಿನ ಹೊಳ್ಳೆಗಳಲ್ಲಿ ಕೆಂಪು ಬೆರೆತ ನೊರೆ, ಹೊಟ್ಟೆ ಸ್ವಲ್ಪ ಉಬ್ಬಿತ್ತು. ನೀರಲ್ಲಿ ಮುಳುಗಿ ಸತ್ತರೂ ಹೀಗೆ ನೊರೆ ಬರಬಹುದು. ನೆರಡಿಯಲ್ಲಾದರೂ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತದೆ. ಬರಿಗಣ್ಣಿಗೆ ಅನುಮಾನ ಬಂದರೆ ಬರಿಗಣ್ಣಿನಿಂದಲೇ ಅದನ್ನು ತೀರಿಸಿಕೊಳ್ಳಲು ಹೋಗಬಾರದು.

ಕಾರಣ ಇಷ್ಟೇ. ನೆರಡಿಯ ಬ್ಯಾಕ್ಟೀರಿಯಾ ಮುಚ್ಚಿದ ದೇಹದೊಳಗೆ ಇದ್ದಷ್ಟು ಹೊತ್ತು ಕೊಳೆಯುವಿಕೆಯಲ್ಲಿ ತಾನೂ ನಾಶವಾಗುತ್ತದೆ. ದೇಹ ಕೊಯ್ದು ಗಾಳಿ ತಗಲಿಸಿದರೆ ಅದು ಬೀಜಕಣವಾಗಿ ಮಾರ್ಪಟ್ಟು ಮಣ್ಣು ಸೇರುತ್ತದೆ, ದಶಕಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ದೂರದ ಮಾತೇನಲ್ಲ. 2022ರ ಜೂನ್ ತಿಂಗಳಲ್ಲಿ ಕೇರಳದ ಅತಿರಪ್ಪಿಳ್ಳಿ ಕಾಡಿನಲ್ಲಿ ಸತ್ತ ಕಾಡುಹಂದಿಗಳಲ್ಲಿ ನೆರಡಿ ದೃಢಪಟ್ಟಿತ್ತು. ಅದೂ ನಮ್ಮ ಪಶ್ಚಿಮಘಟ್ಟವೇ.

ಮಳೆಯಲ್ಲಿ ಏರಿಯ ಮೇಲೆ ಸೂಕ್ಷ್ಮದರ್ಶಕ ಇಡಲು ಆಗದು. ಹಾಗಾಗಿ ಗಾಜಿನ ಪಟ್ಟಿ ಹಿಡಿದುಕೊಂಡು ತೋಟದ ಆಫೀಸಿಗೆ ಹೋದೆವು. ರೈಟರ್ ತಮ್ಮ ಮೇಜಿನ ಮೇಲಿದ್ದ ಹಾಜರಿ ಪುಸ್ತಕಗಳನ್ನು ಸರಿಸಿ ಜಾಗ ಮಾಡಿಕೊಟ್ಟು, ತಾವು ಮಾತ್ರ ಬಾಗಿಲ ಹೊರಗೆ ನಿಂತರು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಎಂಬ ಹಳೆಯ ಬಣ್ಣ. ನೆರಡಿ ಇದ್ದರೆ ತುದಿ ಚೌಕಾಕಾರದ ನೀಲಿ ಕಡ್ಡಿಗಳು ಸಾಲಾಗಿ ಕಾಣುತ್ತವೆ, ಪ್ರತಿ ಸಾಲಿನ ಸುತ್ತಲೂ ಗುಲಾಬಿ ಬಣ್ಣದ ಕವಚ. ಆ ಗುಲಾಬಿಯೇ ಸಾಕ್ಷಿ. ಕೊಳೆಯತೊಡಗಿದ ದೇಹದಲ್ಲಿ ಬೇರೆ ಕಡ್ಡಿಗಳೂ ಬೇಕಾದಷ್ಟಿರುತ್ತವೆ, ಅವುಗಳಿಗೆ ಈ ಕವಚ ಇರುವುದಿಲ್ಲ. ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎರಡನೆಯ ಪಟ್ಟಿಯನ್ನೂ ನೋಡಿದೆ. ರಕ್ತಕಣಗಳು, ಅಲ್ಲೊಂದು ಇಲ್ಲೊಂದು ಕೊಳೆತದ ಬ್ಯಾಕ್ಟೀರಿಯಾ, ಅಷ್ಟೇ. ಗುಲಾಬಿ ಇಲ್ಲ.

ಆಮೇಲೆ ಕೊಯ್ದೆವು. ಆ ಹೊತ್ತಿಗೆ ಉಪ ವಲಯ ಅರಣ್ಯಾಧಿಕಾರಿ ಬಂದು ಮಹಜರು ಬರೆಯಲು ಶುರುಮಾಡಿದ್ದರು. ತೋಟ ಯಾರದೇ ಇರಲಿ, ಸತ್ತ ವನ್ಯಜೀವಿ ಸರ್ಕಾರದ ಸ್ವತ್ತು. ಅವರಿಲ್ಲದೆ ಒಂದು ಕೂದಲನ್ನೂ ನಾವು ಒಯ್ಯುವಂತಿಲ್ಲ. ಚರ್ಮ ಬಿಡಿಸಿದಾಗ ಸಾವಿನ ಕಾರಣ ಹೊರಬಿತ್ತು. ಹಿಂಗಾಲಿನ ತೊಡೆ, ಬಾಲದ ಬುಡ, ಕುತ್ತಿಗೆಯ ಕೆಳಭಾಗದಲ್ಲಿ ಹಲ್ಲಿನ ಗಾಯಗಳು, ಒಳಗೆ ಮಾಂಸವೆಲ್ಲ ರಕ್ತ ಕಟ್ಟಿ ಕಪ್ಪಾಗಿತ್ತು. ಶ್ವಾಸನಾಳದ ತುಂಬ ನೊರೆ, ಶ್ವಾಸಕೋಶ ನೀರು ಕುಡಿದು ಭಾರವಾಗಿತ್ತು. ಸೀಳುನಾಯಿಗಳಾಗಿದ್ದರೆ ಇಷ್ಟು ಮಾಂಸ ಉಳಿಸಿ ಹೋಗುತ್ತಿರಲಿಲ್ಲ. ಲೈನ್ ಮನೆಗಳ ಹತ್ತಿರ ಎಂಜಲು ತಿಂದು ಬೆಳೆದ ನಾಯಿಗಳ ಹಿಂಡೊಂದು ಅಟ್ಟಿಸಿಕೊಂಡು ಬಂದು ಕೆರೆಗೆ ಕೆಡವಿತ್ತು. ತೋಟದವರು ಮುಖ ಮುಖ ನೋಡಿಕೊಂಡರು. ನಾಯಿಗಳು ಯಾರವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಮಹಜರಿನಲ್ಲಿ ಮಾತ್ರ ಯಾರವೂ ಅಲ್ಲ ಎಂದಾಯಿತು.

ಕಾರಣ ಸಿಕ್ಕ ಮೇಲೆ ಹೊಲಿದು ಹೂಳಿ ಮನೆಗೆ ಹೋಗಬಹುದಿತ್ತು. ಆದರೆ ಇಷ್ಟು ತಾಜಾ ಕಡವೆ ಕೈಗೆ ಸಿಗುವುದು ಅಪರೂಪ. ಬದುಕಿರುವ ಜಿಂಕೆ ಜಾತಿಯ ಪ್ರಾಣಿಯಿಂದ ರಕ್ತ ತೆಗೆಯುವುದು ಎಷ್ಟು ಕಷ್ಟ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅರವಳಿಕೆ ಮದ್ದಿನ ಸೂಜಿ ಹೊಡೆಯುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದು ಇರಬೇಕಾದದ್ದೇ. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಜಿಂಕೆಗಳು ಅಟ್ಟಿ ಹಿಡಿದ ಗಾಬರಿಗೇ ಸಾಯುತ್ತವೆ. ಓಡಿ ಓಡಿ ಸ್ನಾಯುಗಳು ಒಳಗೊಳಗೇ ಒಡೆದು, ಆ ವಿಷ ಮೂತ್ರಪಿಂಡಕ್ಕೆ ಇಳಿದು, ಬಿಟ್ಟು ಕಳಿಸಿದ ಮೇಲೆ ಒಂದೆರಡು ದಿನ ಕಳೆದು ಎಲ್ಲೋ ಪೊದೆಯಲ್ಲಿ ಬಿದ್ದುಹೋಗುತ್ತವೆ. ರೋಗ ಇದೆಯೇ ಎಂದು ನೋಡಲು ಹೋಗಿ ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವ ಕೆಲಸ. ಹಾಗಾಗಿ ಕಾಡಿನ ಜಿಂಕೆಗಳ ರಕ್ತ ನಮ್ಮಂಥವರಿಗೆ ಬಹುಮಟ್ಟಿಗೆ ದೊರೆಯುವುದು ಹೀಗೆ, ನಾಯಿಯ ಬಾಯಿಂದ ಅಥವಾ ಲಾರಿಯ ಗಾಲಿಯಿಂದ.

ಹೃದಯದ ಬಲಭಾಗದಿಂದ ಹೆಪ್ಪುಗಟ್ಟಿದ ರಕ್ತವನ್ನು ಶೀಶೆಗಳಿಗೆ ತುಂಬಿದೆ. ಗಂಟಲಿನ ಹಿಂಬದಿಯ ದುಗ್ಧಗ್ರಂಥಿಗಳನ್ನು ಹುಡುಕಿ ಹೋಳು ಹೋಳಾಗಿ ಕತ್ತರಿಸಿ ನೋಡಿದೆ. ದನಗಳ ಕ್ಷಯ ಜಿಂಕೆಗಳಿಗೆ ತಗಲಿದ್ದರೆ ಅಲ್ಲಿ ಕೀವು ಅಥವಾ ಸುಣ್ಣದಂಥ ಗಂಟು ಕಾಣಬೇಕು, ಇರಲಿಲ್ಲ. ಮೂತ್ರಪಿಂಡದ ಒಂದು ತುಂಡು ಐಸ್ ಪೆಟ್ಟಿಗೆಗೆ, ಒಂದು ತುಂಡು ಫಾರ್ಮಲಿನ್‌ಗೆ. ಗರ್ಭಕೋಶದಲ್ಲಿ ಕೂದಲು ಮೂಡತೊಡಗಿದ್ದ ಭ್ರೂಣವಿತ್ತು. ಅಲ್ಲಿ ನಾನು ನಿಂತೆ. ಎರಡು ಜೊತೆ ಕೈಗವಸು, ಮುಖಕ್ಕೆ ಮರೆ, ಹತ್ತಿರ ನಿಂತವರೆಲ್ಲ ಗಾಳಿ ಬರುವ ದಿಕ್ಕಿಗೆ. ಹಸುಗಳು ಕಂದು ಹಾಕುವಂತೆ, ಅಂದರೆ ಗರ್ಭಪಾತವಾಗುವಂತೆ ಮಾಡುವ ಕಂದು ರೋಗದ ಬ್ಯಾಕ್ಟೀರಿಯಾವಾದ ಬ್ರುಸೆಲ್ಲಾ ಗರ್ಭಕೋಶದಲ್ಲಿ, ಮಾಸಿನಲ್ಲಿ, ಭ್ರೂಣದ ಹೊಟ್ಟೆಯ ದ್ರವದಲ್ಲಿ ಕೋಟಿಗಟ್ಟಲೆ ಇರುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹಸುವಿನ ಕಸ, ಅಂದರೆ ಮಾಸು, ತೆಗೆಯುವಾಗ ತಗಲಿಸಿಕೊಂಡು, ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು, ಸೊಂಟ ನೋವು ಎಂದು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಕಂಡಿದ್ದೇನೆ. ಭ್ರೂಣದ ಹೊಟ್ಟೆಯ ದ್ರವವನ್ನು ಸಿರಿಂಜಿನಿಂದ ತೆಗೆದು ಮುಚ್ಚಿಟ್ಟೆ. ಒದ್ದೆ ಸೌದೆಯಲ್ಲಿ ಸುಡುವುದು ಆಗದ ಮಾತಾದ್ದರಿಂದ ಆಳದ ಗುಂಡಿ ತೆಗೆಸಿ ಹೂಳಿದರು.

ಏರಿಯ ಆ ಬದಿಯಲ್ಲಿ ಛತ್ರಿ ಹಿಡಿದು ಇದನ್ನೆಲ್ಲ ನೋಡುತ್ತಿದ್ದವರು ಪಕ್ಕದ ಸಣ್ಣ ತೋಟದ ಗೌಡರು. ಅವರ ದನಗಳಿಗೂ ನೀರು ಇದೇ ಕೆರೆಯದು. ಹಿಂದಿನ ವಾರ ಅವರ ಗಬ್ಬದ ಹಸು ಏಳನೆಯ ತಿಂಗಳಲ್ಲಿ ಕಂದು ಹಾಕಿತ್ತು.

‘ಮೇಡಂ, ಇದೇ ಕಡವೆ ತಾನೇ ದಿನಾ ಬಂದು ಕೆರೆಯಲ್ಲಿ ಹೊರಳಾಡುತ್ತಿದ್ದದ್ದು? ಇದರಿಂದಲೇ ನಮ್ಮ ಹಸುವಿಗೆ ಬಂದಿದೆ. ಬರೆದುಕೊಡಿ, ಇಲಾಖೆಯಿಂದ ಪರಿಹಾರ ಕೇಳುತ್ತೇನೆ’ ಎಂದರು.

‘ಹಸು ಹಾಕಿದ ಕಂದನ್ನು ಏನು ಮಾಡಿದಿರಿ ಗೌಡರೇ?’ ಎಂದು ಕೇಳಿದೆ.

‘ಏನು ಮಾಡುವುದು? ಕಸವನ್ನು ಹುಲ್ಲಿನಲ್ಲಿ ಸುತ್ತಿ ಬಸರಿ ಮರಕ್ಕೆ ಕಟ್ಟಿಸಿದೆ. ಕಂದನ್ನು ಹಳ್ಳದ ಆಚೆ ಎಸೆದು ಬಂದರು.’

ಹಾಲು ಒಸರುವ ಮರಕ್ಕೆ ಹಸುವಿನ ಕಸ ಕಟ್ಟಿದರೆ ಕೆಚ್ಚಲಲ್ಲಿ ಹಾಲು ಹೆಚ್ಚುತ್ತದೆ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಚೆನ್ನಾಗಿ ಕರು ಹಾಕಿದ ಹಸುವಿನದಾದರೆ ನಾನು ಜಗಳ ತೆಗೆಯುವುದಿಲ್ಲ. ಕಂದು ಹಾಕಿದ ಹಸುವಿನ ಕಸವನ್ನು ಕಾಡಂಚಿನ ಮರಕ್ಕೆ ಕಟ್ಟಿದರೆ ಅದು ಕೊಳೆತು ಕೆಳಗೆ ಬೀಳುತ್ತದೆ, ನಾಯಿ ಎಳೆಯುತ್ತದೆ, ಹಂದಿ ತಿನ್ನುತ್ತದೆ, ಕೆಳಗಿನ ಹುಲ್ಲನ್ನು ಜಿಂಕೆ ಮೇಯುತ್ತದೆ. ರೋಗ ಕಾಡಿಗೆ ಹೋಗಲು ಇಷ್ಟು ನೇರವಾದ ದಾರಿ ಇನ್ನೊಂದಿಲ್ಲ.

ಮಾರನೆಯ ದಿನ ಗೌಡರ ಹಸುವಿನ ರಕ್ತವನ್ನೂ ತೆಗೆದೆ. ಕಂದು ರೋಗದ ಪ್ರಾಥಮಿಕ ಪರೀಕ್ಷೆ ನಮ್ಮ ಚಿಕಿತ್ಸಾಲಯದಲ್ಲೇ ಆಗುತ್ತದೆ, ಅದಕ್ಕೆ ರೋಸ್ ಬೆಂಗಾಲ್ ಪರೀಕ್ಷೆ ಎನ್ನುತ್ತಾರೆ. ಬಿಳಿ ಫಲಕದ ಮೇಲೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಅಂದರೆ ಸೀರಂ, ಒಂದು ಹನಿ, ಪಕ್ಕದಲ್ಲಿ ಒಂದು ಹನಿ ಗುಲಾಬಿ ದ್ರಾವಣ. ಆ ದ್ರಾವಣದಲ್ಲಿರುವುದು ಬಣ್ಣ ಹಾಕಿ ಕೊಂದ ಬ್ರುಸೆಲ್ಲಾ. ಕಡ್ಡಿಯಿಂದ ಎರಡನ್ನೂ ಬೆರೆಸಿ ಫಲಕವನ್ನು ನಿಧಾನವಾಗಿ ನಾಲ್ಕು ನಿಮಿಷ ಓಲಾಡಿಸಬೇಕು. ಸೀರಂನಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಎದುರಾಗಿ ಮೈ ತಯಾರಿಸಿದ ಪ್ರತಿಕಾಯಗಳಿದ್ದರೆ ಸಮನಾದ ಗುಲಾಬಿ ಒಡೆದು ಸಣ್ಣ ಸಣ್ಣ ಹರಳು ಕಟ್ಟುತ್ತದೆ, ಸುತ್ತಲಿನ ದ್ರವ ತಿಳಿಯಾಗುತ್ತದೆ. ಗೌಡರು ಕುರ್ಚಿಯ ತುದಿಗೆ ಬಂದು ನೋಡುತ್ತಿದ್ದರು. ನಾಲ್ಕು ನಿಮಿಷ ದಾಟಿತು. ಹಸುವಿನ ಹನಿಯೂ ಕಡವೆಯ ಹನಿಯೂ ಗುಲಾಬಿಯಾಗಿಯೇ ಉಳಿದವು.

‘ಹಾಗಾದರೆ ಏನೂ ಇಲ್ಲ ಎಂದಾಯಿತೇ?’

‘ಕಂದು ರೋಗದ ಗುರುತು ಸಿಗಲಿಲ್ಲ ಎಂದಾಯಿತು. ಹಸು ಕಂದು ಹಾಕುವುದಕ್ಕೆ ಬೇರೆ ಕಾರಣಗಳೂ ಇವೆ. ಬೆಂಗಳೂರಿಗೆ ಕಳಿಸೋಣ.’

ಕಳಿಸುವುದು ಎಂದು ಹೇಳಿದಷ್ಟು ಸುಲಭದ್ದಲ್ಲ. ಹಸುವಿನ ಸೀರಂಗೆ ನನ್ನ ಸಹಿ ಸಾಕು, ಕಡವೆಯದ್ದಕ್ಕೆ ಅರಣ್ಯ ಇಲಾಖೆಯ ಪತ್ರ ಬೇಕು. ಜೊತೆಗೆ ತುಂಬಬೇಕಾದ ಒಂದು ನಮೂನೆ ಇದೆ. ಮಾಲೀಕರ ಹೆಸರು, ಗ್ರಾಮ, ಪ್ರಾಣಿಯ ವಯಸ್ಸು, ತಳಿ, ಕಿವಿಯೋಲೆ ಸಂಖ್ಯೆ, ಲಸಿಕೆ ಹಾಕಿದ ದಿನಾಂಕ, ದಿನಕ್ಕೆ ಎಷ್ಟು ಲೀಟರ್ ಹಾಲು. ಕಡವೆಗೆ ಇದನ್ನು ತುಂಬುತ್ತ ಕೂತಾಗ ನಗು ಬಂದರೂ, ಹಿಂದಿರುವ ಕಥೆ ನಗುವಂಥದ್ದಲ್ಲ. ನಮ್ಮ ಪರೀಕ್ಷೆಗಳೆಲ್ಲ ದನಗಳಿಗಾಗಿ ಹುಟ್ಟಿದವು. ಎಲಿಸಾ ಪರೀಕ್ಷೆಯಲ್ಲಿ ಸೀರಂನ ಪ್ರತಿಕಾಯವನ್ನು ಹಿಡಿಯಲು ಬಳಸುವ ರಾಸಾಯನಿಕವೇ ದನದ ಪ್ರತಿಕಾಯಕ್ಕೆ ಹೊಂದುವಂತೆ ತಯಾರಾದದ್ದು. ಕಡವೆಯ ಪ್ರತಿಕಾಯಕ್ಕೆ ಅದು ಅರೆಬರೆ ಅಂಟಿದರೆ, ಇರುವುದೂ ಇಲ್ಲವೆಂದು ಬರಬಹುದು. ಯಾವ ಜಾತಿಯ ಪ್ರಾಣಿಗೂ ಹೊಂದುವ ಪರೀಕ್ಷೆಗಳು ಬೇರೆ ಇವೆ, ಕೇಳಿ ಮಾಡಿಸಬೇಕು.

ಹಸು ಕಂದು ಹಾಕಲು ಇನ್ನೊಂದು ಕಾರಣ ಇಲಿ ಜ್ವರ. ಅದರ ಪರೀಕ್ಷೆಗೆ ಆ ತೊಡಕಿಲ್ಲ, ತೊಡಕುಗಳು ಬೇರೆ. ತರಬೇತಿಗೆಂದು ಹೋದಾಗ ಒಮ್ಮೆ ಅದನ್ನು ಕಣ್ಣಾರೆ ನೋಡಿದ್ದೆ. ಅದರಲ್ಲಿ ಬಳಸುವುದು ಸತ್ತ ಬ್ಯಾಕ್ಟೀರಿಯಾ ಅಲ್ಲ, ಜೀವಂತ ಲೆಪ್ಟೋಸ್ಪೈರಾ. ಒಂದಲ್ಲ, ಹತ್ತಾರು ಬಗೆಯವನ್ನು ಪ್ರಯೋಗಾಲಯದಲ್ಲಿ ವಾರವಾರವೂ ಸಾಕಿ ಉಳಿಸಿಕೊಂಡಿರಬೇಕು. ಸೀರಂ ಅನ್ನು ತಿಳಿಯಾಗಿಸುತ್ತ ಹೋಗಿ ಪ್ರತಿ ಹಂತಕ್ಕೂ ಆ ಜೀವಿಗಳನ್ನು ಬೆರೆಸಿ, ಕತ್ತಲ ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಡೆದ ಶಾವಿಗೆಯ ಎಳೆಗಳಂಥವು ಬೆಳ್ಳಗೆ ಹೊಳೆಯುತ್ತ ತಿರುಗುತ್ತಿರುತ್ತವೆ. ಪ್ರತಿಕಾಯವಿದ್ದರೆ ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಅರ್ಧದಷ್ಟಾದರೂ ಅಂಟಿಕೊಳ್ಳುವ ಕೊನೆಯ ಹಂತ ಯಾವುದೋ ಅದೇ ಫಲಿತಾಂಶ. ನೂರು ಪಟ್ಟು ತಿಳಿಯಾಗಿಸಿದಾಗಲೂ ಅಂಟಿದರೆ ಸಾಮಾನ್ಯವಾಗಿ ಇದೆ ಎಂದು ಲೆಕ್ಕ. ಈ ಕೆಲಸವನ್ನು ಕಣ್ಣು ಪಳಗಿದವರೇ ಮಾಡಬೇಕು. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇರುವುದು ನಮ್ಮ ರಾಜ್ಯದವರ ಪುಣ್ಯ.

ಫಲಿತಾಂಶಕ್ಕೆ ಕಾಯುವಾಗ ನನ್ನನ್ನು ಹೆಚ್ಚು ಕಾಡಿದ್ದು ವಾಚರನ ಕಾಲು. ಲೆಪ್ಟೋಸ್ಪೈರಾ ಸೋಂಕಿತ ಪ್ರಾಣಿಯ ಮೂತ್ರಪಿಂಡದಲ್ಲಿ ಮನೆ ಮಾಡಿ ಮೂತ್ರದಲ್ಲಿ ಹೊರಬೀಳುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಚರ್ಮದ ಸಣ್ಣ ಗಾಯ ಸಿಕ್ಕರೆ ಒಳಗೆ ಹೋಗುತ್ತದೆ. ಇಂಬಳ ಕಚ್ಚಿದ ಕಾಲು, ಮಳೆಗಾಲದ ಕೆರೆ, ಮೇಲೆ ಸತ್ತ ಪ್ರಾಣಿಯ ಮೈ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳು ಎಂದು ಒತ್ತಾಯ ಮಾಡಿ ಕಳಿಸಿದೆ. ವೈದ್ಯರು ಡಾಕ್ಸಿಸೈಕ್ಲಿನ್ ಕೊಟ್ಟು, ಜ್ವರ ಬಂದರೆ ಮುಚ್ಚಿಡದೆ ಬಾ ಎಂದು ಹೇಳಿ ಕಳಿಸಿದರು. ‘ಅಮ್ಮ, ನನಗೆ ಉಣ್ಣಿ ಕಚ್ಚಿದರೆ ಮಂಗನ ಕಾಯಿಲೆ ಅನ್ನುತ್ತೀರಿ, ನೀರು ಮುಟ್ಟಿದರೆ ಇಲಿ ಜ್ವರ ಅನ್ನುತ್ತೀರಿ. ಕಾಡಿನ ಕೆಲಸದವನು ಏನು ಮುಟ್ಟಬೇಕು?’ ಎಂದು ಅವನು ಕೇಳಿದ ಪ್ರಶ್ನೆಗೆ ಗಂಬೂಟು ಎಂಬುದಷ್ಟೇ ನನ್ನಲ್ಲಿದ್ದ ಉತ್ತರ. ಅವನಿಗೆ ಜ್ವರ ಬರಲಿಲ್ಲ. ಗಂಬೂಟು ಬಂದಿದೆಯೋ ಇಲ್ಲವೋ, ಕೇಳಬೇಕು.

ವರದಿ ಬರಲು ಕೆಲವು ವಾರ ಹಿಡಿಯಿತು. ಕಡವೆಯ ಒಂದು ಶೀಶೆಯ ಸೀರಂ ರಕ್ತಕಣ ಒಡೆದು ಕೆಂಪಾಗಿದ್ದುದರಿಂದ ಉಪಯೋಗಕ್ಕೆ ಬರಲಿಲ್ಲ. ಸತ್ತ ಪ್ರಾಣಿಯ ರಕ್ತದ ಹಣೆಬರಹವೇ ಅಷ್ಟು. ಇನ್ನೊಂದರಲ್ಲಿ ಬ್ರುಸೆಲ್ಲಾ ಇಲ್ಲ, ಭ್ರೂಣದ ದ್ರವದಲ್ಲೂ ಬೆಳೆಯಲಿಲ್ಲ. ಲೆಪ್ಟೋಸ್ಪೈರಾ ಮಾತ್ರ ಇನ್ನೂರು ಪಟ್ಟು ತಿಳಿಯಾಗಿಸಿದಾಗಲೂ ಅಂಟಿತ್ತು, ಹಾರ್ಜೋ ಎಂಬ ಬಗೆಗೆ. ಗೌಡರ ಹಸುವಿನದು ಅದೇ ಬಗೆಗೆ ನಾನೂರು.

ಗೌಡರು ವರದಿ ನೋಡಿದವರೇ ‘ನಾನು ಹೇಳಲಿಲ್ಲವೇ!’ ಎಂದರು. ಅವರ ಮಗ ಮೊಬೈಲಿನಲ್ಲಿ ವರದಿಯ ಫೋಟೊ ತೆಗೆದು ಕಳಿಸಿದ್ದೂ ಆಯಿತು. ಸಂಜೆಯ ಹೊತ್ತಿಗೆ ಕಡವೆಗಳಿಂದ ಇಲಿ ಜ್ವರ ಹಬ್ಬುತ್ತಿದೆಯಂತೆ ಎಂದು ನನಗೇ ಮೂರು ಕಡೆಯಿಂದ ಫೋನ್.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಕಾಗದ ಹೇಳುವುದು ಒಂದೇ ಮಾತು: ಈ ಕಡವೆ ಬದುಕಿದ್ದಾಗ ಎಂದೋ ಒಮ್ಮೆ ಈ ಬ್ಯಾಕ್ಟೀರಿಯಾ ಅದರ ಮೈ ಹೊಕ್ಕಿತ್ತು, ಮೈ ಅದಕ್ಕೆ ಎದುರು ನಿಂತಿತ್ತು. ಕಾಯಿಲೆ ಬಿದ್ದಿತ್ತು ಎಂದು ಹೇಳುವುದಿಲ್ಲ. ಸಾಯುವ ದಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬಿಡುತ್ತಿತ್ತು ಎಂದೂ ಹೇಳುವುದಿಲ್ಲ. ಅದರಿಂದ ಸತ್ತಿತು ಎಂದಂತೂ ಇಲ್ಲವೇ ಇಲ್ಲ, ಸಾಯಿಸಿದ ನಾಯಿಗಳು ಈಗಲೂ ಲೈನ್ ಮನೆಯ ಮುಂದೆ ಮಲಗಿವೆ. ಸೋಂಕು ಹೊಸದೋ ಹಳೆಯದೋ ತಿಳಿಯಬೇಕಾದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು, ಅಂಕಿ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ಹೂತ ಪ್ರಾಣಿಯ ರಕ್ತವನ್ನು ಎರಡನೆಯ ಸಲ ಯಾರು ತೆಗೆಯುತ್ತಾರೆ?

ಹಸುವಿನದನ್ನು ತೆಗೆದೆ. ಎರಡನೆಯ ಸಲವೂ ನಾನೂರೇ ಬಂತು. ಇದೂ ಗೊಂದಲವೇ. ಲೆಪ್ಟೋಸ್ಪೈರಾ ತಗಲಿದ ಹಸು ಕಂದು ಹಾಕುವುದು ಸೋಂಕು ಹೊಕ್ಕು ವಾರಗಳು ಕಳೆದ ಮೇಲೆ. ಆ ಹೊತ್ತಿಗೆ ಪ್ರತಿಕಾಯದ ಏರಿಕೆ ಮುಗಿದೇ ಹೋಗಿರಬಹುದು. ಹಾಗಾಗಿ ಏರಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಗೌಡರ ಉಳಿದ ದನಗಳ ರಕ್ತ ನೋಡಿದಾಗ ಕೆಲವದರಲ್ಲಿ ಅದೇ ಹಾರ್ಜೋ ಗುರುತು ಇತ್ತು. ಕಂದು ಹಾಕದೆ, ಜ್ವರ ಬಾರದೆ, ಹಾಲು ಕೊಡುತ್ತ ಆರಾಮಾಗಿ ಮೆಲುಕು ಹಾಕುತ್ತಿದ್ದ ಹಸುಗಳಲ್ಲಿ.

ಹಾರ್ಜೋ ಬಗೆಯನ್ನು ತಲೆಮಾರುಗಳಿಂದ ತಮ್ಮಲ್ಲಿ ಉಳಿಸಿಕೊಂಡು ಬಂದಿರುವವು ಮುಖ್ಯವಾಗಿ ದನಗಳೇ. ಇಲಿಗಳಲ್ಲಿ ಬೇರೆ ಬಗೆ, ನಾಯಿಗಳಲ್ಲಿ ಬೇರೆ, ಹಂದಿಗಳಲ್ಲಿ ಬೇರೆ. ಅಂದರೆ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಗೌಡರ ಬೆರಳು ಯಾವ ಕಡೆಗೆ ತೋರಿಸಿತ್ತೋ ಅದರ ಎದುರು ದಿಕ್ಕಿಗೂ ಆ ಕಾಗದ ತೋರಿಸುತ್ತದೆ. ಅದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಈ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರತಿಕಾಯ ಇನ್ನೊಂದು ಬಗೆಗೂ ಅಂಟುವುದುಂಟು. ಹೆಚ್ಚು ಅಂಟಿದ್ದೇ ನಿಜವಾದ ಬಗೆ ಎಂಬುದು ಊಹೆ ಮಾತ್ರ.

ಗೌಡರು ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. ‘ಹಾಗಾದರೆ ಕಡವೆಯದು ತಪ್ಪಿಲ್ಲ ಅನ್ನುತ್ತೀರಾ?’

‘ಇಲ್ಲ ಎಂದೂ ಹೇಳಲಾರೆ, ಇದೆ ಎಂದೂ ಹೇಳಲಾರೆ.’

‘ಓದಿದವರ ಮಾತೇ ಇಷ್ಟು ಮೇಡಂ. ಅತ್ತ ಕೋಲೂ ಮುರಿಯಬಾರದು, ಇತ್ತ ಹಾವೂ ಸಾಯಬಾರದು’ ಎಂದರು. ಗಾದೆಯನ್ನು ಅವರಿಗೆ ಬೇಕಾದ ಹಾಗೆ ತಿರುಗಿಸಿದ್ದರು, ಆದರೆ ನನಗೆ ಸರಿಯಾಗಿಯೇ ತಾಗಿತು.

ಜಿಂಕೆಗಳು ರೋಗ ಉಳಿಸಿಕೊಳ್ಳುವುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಸುತ್ತಮುತ್ತ ಕಂದು ರೋಗ ಕಾಡಿನ ಎಲ್ಕ್ ಜಿಂಕೆಗಳಲ್ಲೂ ಕಾಡೆಮ್ಮೆಗಳಲ್ಲೂ ಬೇರೂರಿದೆ. ಅವುಗಳಿಂದ ಈಗ ದನಗಳಿಗೆ ಬರುತ್ತದೆ ಎಂದು ಅಲ್ಲಿನ ರೈತರಿಗೆ ಭಯ. ಆದರೆ ಆ ರೋಗವನ್ನು ಆ ಕಾಡಿಗೆ ಕೊಂಡೊಯ್ದದ್ದು ವಲಸೆ ಬಂದವರ ದನಗಳು. ಮಿಷಿಗನ್ ರಾಜ್ಯದಲ್ಲಿ 1994ರಲ್ಲಿ ಬೇಟೆಗಾರನೊಬ್ಬ ಹೊಡೆದ ಜಿಂಕೆಯಲ್ಲಿ ದನಗಳ ಕ್ಷಯ ಕಂಡುಬಂತು. ಹುಡುಕುತ್ತ ಹೋದರೆ ಅದು ಆ ಭಾಗದ ಜಿಂಕೆಗಳಲ್ಲೇ ನೆಲೆ ನಿಂತಿತ್ತು. ಜಿಂಕೆಗಳನ್ನು ಸೆಳೆಯಲು ಜನ ಚಳಿಗಾಲದಲ್ಲಿ ರಾಶಿ ರಾಶಿ ಗೆಣಸು ಗೆಡ್ಡೆ, ಜೋಳ ಸುರಿಯುತ್ತಿದ್ದರು. ಒಂದೇ ರಾಶಿಗೆ ಮೂಗು ತಾಗಿಸಿ ತಿಂದದ್ದು ರೋಗ ಹಬ್ಬಲು ದೊಡ್ಡ ಕಾರಣವಾಯಿತು, ಕೊನೆಗೆ ಹಾಗೆ ಮೇವು ಸುರಿಯುವುದನ್ನೇ ನಿಷೇಧಿಸಬೇಕಾಯಿತು. ನಮ್ಮಲ್ಲಿ ಕೆಲವು ಹೋಂಸ್ಟೇಗಳ ಹಿತ್ತಲಲ್ಲಿ ಅತಿಥಿಗಳಿಗೆ ಜಿಂಕೆ ತೋರಿಸಲೆಂದು ಉಪ್ಪಿನ ಗಡ್ಡೆ, ಬಾಳೆಹಣ್ಣು ಇಡುವುದನ್ನು ನೋಡಿದಾಗಲೆಲ್ಲ ನನಗೆ ಮಿಷಿಗನ್ ನೆನಪಾಗುತ್ತದೆ. ಹೇಳಿದರೆ, ‘ಪಾಪ, ತಿನ್ನಲಿ ಬಿಡಿ ಮೇಡಂ’ ಎನ್ನುತ್ತಾರೆ. ಅದೇ ಉಪ್ಪನ್ನು ಮಧ್ಯಾಹ್ನ ಅವರದೇ ದನ ನೆಕ್ಕಿರುತ್ತದೆ.

ನಮ್ಮ ಕಾಡಿಗೂ ಹಳೆಯ ನೆನಪಿದೆ. 1980ರ ದಶಕದ ಕೊನೆಯಲ್ಲಿ ಭದ್ರಾದ ಕಾಟಿಗಳು ದೊಡ್ಡ ರೋಗದಿಂದ (ರಿಂಡರ್‌ಪೆಸ್ಟ್) ಸಾಲು ಸಾಲಾಗಿ ಸತ್ತಿದ್ದವು. ಅದು ಬ್ಯಾಕ್ಟೀರಿಯಾ ಅಲ್ಲ, ವೈರಸ್. ಬಂದದ್ದು ದನಗಳಿಂದಲೇ. ಅದನ್ನು ನಿಲ್ಲಿಸಿದ್ದು ಕಾಟಿಗೆ ಮದ್ದು ಕೊಟ್ಟಲ್ಲ, ದನಕ್ಕೆ ಲಸಿಕೆ ಹಾಕಿ. 2011ರಲ್ಲಿ ಇಡೀ ಜಗತ್ತೇ ದೊಡ್ಡ ರೋಗದಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಈ ನಡುವೆ, 2001-02ರ ಸುಮಾರಿಗೆ, ಭದ್ರಾದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡಾಗ ಅವರ ದನಗಳೂ ಕಾಡು ಬಿಟ್ಟವು. ಅದಕ್ಕೂ ಮೊದಲಿನ ಕಡವೆಯ ಸೀರಂ ಒಂದು ಶೀಶೆ, ಈಗಿನದೊಂದು ಶೀಶೆ ಪಕ್ಕಪಕ್ಕ ಇಟ್ಟು ನೋಡಬೇಕೆಂಬುದು ನನ್ನ ದೊಡ್ಡ ಆಸೆ.

ಗೌಡರ ದನಗಳಿಗೆ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟೆವು. ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೀಳುವುದು ಅದರಿಂದ ಕಡಿಮೆಯಾಗುತ್ತದೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರು ಒಂದಿತ್ತು, ಅದಕ್ಕೆ ಕಂದು ರೋಗದ ಲಸಿಕೆ ಹಾಕಿದೆ. ಈ ಲಸಿಕೆ ಹೆಣ್ಣು ಕರುಗಳಿಗೆ ಮಾತ್ರ, ಬಾಳಿನಲ್ಲಿ ಒಮ್ಮೆ. ಜೀವಂತ ಬ್ಯಾಕ್ಟೀರಿಯಾದ ಲಸಿಕೆಯಾದ್ದರಿಂದ ಸೂಜಿ ನಮ್ಮ ಕೈಗೆ ಚುಚ್ಚಿದರೆ ನಮಗೇ ರೋಗ ಬರಬಹುದು. ಕರು ಒದೆಯುತ್ತಿರುವಾಗ ಇದನ್ನು ನೆನಪಿಟ್ಟುಕೊಂಡೇ ಹಾಕಬೇಕು. ಗಳಲೆ, ಚಪ್ಪೆ ರೋಗಗಳ ಲಸಿಕೆ ಮುಂಗಾರಿಗೆ ಮೊದಲೇ ಆಗಿತ್ತು.

ಕೊಟ್ಟಿಗೆಯ ಪಕ್ಕದಲ್ಲಿ ಸಿಮೆಂಟಿನ ನೀರಿನ ತೊಟ್ಟಿ ಕಟ್ಟಿಸಿ ಎಂದಾಗ ಗೌಡರು ಖರ್ಚಿನ ಲೆಕ್ಕ ಕೇಳಿದರು. ಸೋಲಾರ್ ಬೇಲಿಗೆ ಹಾಕಿದ್ದರ ಮುಂದೆ ಅದು ಏನೂ ಅಲ್ಲ ಎಂದೆ. ತೊಟ್ಟಿ ಆಯಿತು. ದನಗಳು ಕೆರೆಗೆ ಇಳಿಯುವ ದಾರಿಗೆ ಬಿದಿರಿನ ಅಡ್ಡಗಟ್ಟೆಯೂ ಆಯಿತು. ಬಸರಿ ಮರಕ್ಕೆ ಕಸ ಕಟ್ಟುವ ವಿಷಯದಲ್ಲಿ ಮಾತ್ರ ರಾಜಿಯಾಯಿತು: ಚೆನ್ನಾಗಿ ಕರು ಹಾಕಿದರೆ ಮರಕ್ಕೆ, ಕಂದು ಹಾಕಿದರೆ ಗುಂಡಿಗೆ. ಗೌಡರ ಹೆಂಡತಿಯೇ ಮುಂದೆ ಬಂದು ಗುಂಡಿ ಎಷ್ಟು ಆಳ, ಸುಣ್ಣ ಎಷ್ಟು ಎಂದು ಕೇಳಿ ತಿಳಿದುಕೊಂಡರು. ಕೊಟ್ಟಿಗೆಯ ಕೆಲಸವೆಲ್ಲ ಅವರದೇ, ಇಷ್ಟು ದಿನ ಬರಿಗೈಯಲ್ಲಿ ಕಸ ತೆಗೆದು ಸುತ್ತಿದವರ ಕೈಯೂ ಅವರದೇ. ಅವರಿಗೊಂದು ಕಟ್ಟು ಕೈಗವಸು ಕೊಟ್ಟು ಬಂದೆ.

ಅರಣ್ಯ ಇಲಾಖೆಯ ಕಡತದಲ್ಲಿ ಕಡವೆಯ ಸಾವು ‘ನಾಯಿಗಳ ದಾಳಿ ಮತ್ತು ನೀರಿನಲ್ಲಿ ಮುಳುಗಿ’ ಎಂದು ಮುಗಿದಿದೆ. ಅದು ಸರಿಯಾಗಿಯೇ ಇದೆ. ಹಾರ್ಜೋದ ಮಾತು ಅದರಲ್ಲಿಲ್ಲ, ಸಾವಿನ ಕಾರಣ ಅಲ್ಲದ್ದಕ್ಕೆ ಅಲ್ಲಿ ಜಾಗವಿಲ್ಲ. ನನ್ನದೇ ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಹೆಣ್ಣು ಕಡವೆ, ಗಬ್ಬ, ತೋಟದ ಕೆರೆ, ಸೀರಂ ಇಷ್ಟು, ಫಲಿತಾಂಶ ಇಂಥದ್ದು. ಸಾವಾದ ಸುದ್ದಿಯನ್ನು ಆದಷ್ಟು ಬೇಗ ತಿಳಿಸಿ, ಬರಿಗೈಯಲ್ಲಿ ಎಳೆಯಬೇಡಿ ಎಂದು ಬೀಟಿನ ಹುಡುಗರಿಗೆ ಹೇಳಿಟ್ಟಿದ್ದೇನೆ. ಮೊನ್ನೆ ರಾತ್ರಿ ರಸ್ತೆಯಲ್ಲಿ ವಾಹನ ಬಡಿದ ಕಾಡುಕುರಿಯೊಂದರ ಬಗ್ಗೆ ಕರೆ ಬಂದಾಗ ಗಸ್ತಿನ ಹುಡುಗ ಮೊದಲು ಹೇಳಿದ್ದು, ‘ಮೇಡಂ, ಮುಟ್ಟಿಲ್ಲ. ಮೂಗಿನಿಂದ ರಕ್ತ ಬಂದಿದೆ, ಹೆಪ್ಪುಗಟ್ಟಿದೆ.’ ಸೂಕ್ಷ್ಮದರ್ಶಕ ತೆಗೆದುಕೊಂಡು ಹೊರಟೆ.